ಸಾಸಿವೆಯಷ್ಟು ಗೋಪುರ

ಹತ್ತು ದಿನ ಮಂಜು ಮಂಜಾಗಿದ್ದ ಕನ್ನಡಕ ಹನ್ನೊಂದನೆಯ ದಿನ ಬೆಳಿಗ್ಗೆ ಥಟ್ಟನೆ ತಿಳಿಯಾಯಿತು. ಪಲ್ಲವಕ್ಕ ಕಿರುಚಿಕೊಂಡರು.

"ಅಯ್ಯ ನಮ್ಮವ್ವಾ! ಇದು ಅರಿವೀನೋ, ಹೊರಸೋ?"

ಅವರ ಮಡಿಲಲ್ಲಿದ್ದುದು ಅಂಗುಲಕ್ಕೆ ಇನ್ನೂರು ಎಳೆ ಹಾಕಿ ನೆಯ್ದ ಕಪ್ಪು ರೇಷ್ಮೆಯ ತುಂಡು. ಅಲ್ಲಿಯವರೆಗೆ ಅದು ಅವರಿಗೆ ಬರೀ ನುಣ್ಣನೆಯ ಕಪ್ಪಾಗಿ ಕಂಡಿತ್ತು. ಈಗ ಹೊರಸಿನ ಮಂಚಕ್ಕೆ ಬಿಗಿದ ಹುರಿಯ ಹಾಗೆ ಹಾಸಿನ ಎಳೆ ಬೇರೆ, ಹೊಕ್ಕಿನ ಎಳೆ ಬೇರೆ, ಒಂದರ ಮೇಲೊಂದು ಏರಿ ಇಳಿದು ಹೋಗುವುದು ಕಾಣುತ್ತಿತ್ತು.

"ಎಳಿ ಎಣಸಾಕ ಬರ್ತಾವೇನ್ರಿ ಅಜ್ಜಿ?" ಎಂದು ಎದುರಿಗೆ ಕುಳಿತಿದ್ದ ಡಾ. ಇಂಚರಾ ಪತ್ತಾರ ಕೇಳಿದರು. ಕನ್ನಡಕ ಅವರದೇ ಸೃಷ್ಟಿ.

"ಎಣಸೂದೇನ ಬಂತು, ಒಂದೊಂದಕ್ಕೂ ಹೆಸರಿಟ್ಟು ಕರೀಬಹುದು" ಎಂದ ಪಲ್ಲವಕ್ಕ ತಲೆಯೆತ್ತಿ ವಿಜ್ಞಾನಿಯ ಮುಖ ನೋಡಿದರು. "ಬಾಯಾರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಮೂಗಿನ ಮ್ಯಾಲೆ ಇಷ್ಟೊಂದು ತೂತು ಅದಾವಲ್ಲ, ಉಸಿರು ಯಾವುದರಿಂದ ಬಿಡತೀರಿ?"

ಇಂಚರಾ ನಕ್ಕರು. ಕನ್ನಡಕ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಇದು 2068ರ ಧಾರವಾಡ. ಆ ಕಾಲದ ಅಜ್ಜಿಯರ ಹೆಸರೆಲ್ಲ ಪಲ್ಲವಿ, ಐಶ್ವರ್ಯಾ, ಪ್ರಿಯಾಂಕಾ. ಇವೆಲ್ಲ ತೀರಾ ಹಳೆಯ ಕಾಲದವೆಂದು ಬೇಸತ್ತ ಜನ ಮೊಮ್ಮಕ್ಕಳಿಗೆ ನಿಂಗವ್ವ, ಫಕೀರಪ್ಪ ಎಂದು ಹೊಸ ಮಾದರಿಯ ಹೆಸರಿಡುತ್ತಿದ್ದರು. ಎಪ್ಪತ್ತೊಂದು ವರ್ಷದ ಪಲ್ಲವಿ ಹೂಗಾರರ ಮೊಮ್ಮಗಳೂ ನಿಂಗವ್ವಳೇ. ಅವಳ ಮದುವೆ ಮುಂದಿನ ವರ್ಷ ಎಂದು ಗೊತ್ತಾಗಿತ್ತು. ಪಲ್ಲವಕ್ಕ ಇಂಚರಾರ ಪ್ರಯೋಗಾಲಯದ ಮೆಟ್ಟಿಲು ಹತ್ತಿದ್ದೂ ಅದೇ ಕಾರಣಕ್ಕೆ.

ಆ ಕಡೆಯಲ್ಲಿ ಮದುಮಗಳಿಗೆ ಚಂದ್ರಕಾಳಿ ಎಂಬ ಕಪ್ಪು ಸೀರೆ ಕೊಡುವ ಪದ್ಧತಿ ಹಿಂದಿನಿಂದಲೂ ಉಂಟು. ಅದರ ಮೇಲೆ ಮನೆಯ ಹೆಂಗಸರೇ ಕೂತು ಕಸೂತಿ ಹಾಕುತ್ತಾರೆ. ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿ ಎಣಿಸಿಯೇ ಗೋಪುರ, ನವಿಲು, ತುಳಸಿಕಟ್ಟೆ ಏಳಬೇಕು. ದಾರಕ್ಕೆ ಎಲ್ಲೂ ಗಂಟು ಹಾಕುವಂತಿಲ್ಲ. ಹೊಲಿಗೆ ಸಣ್ಣದಾದಷ್ಟೂ ಹೆಣ್ಣು ಜಾಣೆ ಎಂಬುದು ಆ ಹೆಂಗಸರ ಲೆಕ್ಕಾಚಾರ. ಪಲ್ಲವಕ್ಕ ನಲವತ್ತು ಮದುವಣಗಿತ್ತಿಯರ ಸೀರೆಗೆ ಸೂಜಿ ಆಡಿಸಿದವರು. ಆದರೆ ಈಚೆಗೆ ಅವರ ಬಲಗೈ ಬೆರಳು ಸಣ್ಣಗೆ ನಡುಗತೊಡಗಿದ್ದವು. ಇನ್ನೊಂದು ವರ್ಷ ಹಿಡಿತದಲ್ಲಿರುತ್ತವೆ, ಆಮೇಲೆ ಹೇಳಲಾಗದು ಎಂದು ವೈದ್ಯರು ನೇರವಾಗಿಯೇ ಹೇಳಿದ್ದರು. ನಿಂಗವ್ವಳ ಸೀರೆ ಅವರ ಕಡೆಯ ಸೀರೆ. ಅದು ಹಿಂದೆ ಯಾರೂ ಹಾಕಿರದಂಥ ಕಸೂತಿ ಆಗಬೇಕು ಎಂದು ಅವರು ಹಟ ತೊಟ್ಟಿದ್ದರು.

"ಕಣ್ಣಿನ ಪೊರಿ ತಗದು ಮಸೂರ ಹಾಕ್ಯಾರ, ಎಲ್ಲಾ ಸ್ವಚ್ಛ ಕಾಣತೈತಿ. ಆದ್ರೂ ಎಳಿ ಯಾಕ ಕಾಣವಲ್ಲವು?" ಎಂದು ಅವರು ಮೊದಲ ದಿನವೇ ಕೇಳಿದ್ದರು.

ತಪ್ಪು ಅವರ ಕಣ್ಣಿನದಲ್ಲ, ಮನುಷ್ಯರ ಕಣ್ಣು ಇರುವುದೇ ಹಾಗೆ ಎಂದು ಇಂಚರಾ ವಿವರಿಸಿದ್ದರು. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ತೆಳ್ಳನೆಯ ಪದರವೊಂದಿದೆ. ಅದೇ ಅಕ್ಷಿಪಟಲ. ಅದರ ನಡುವೆ ಗಸಗಸೆ ಕಾಳಿನಷ್ಟು ಒಂದು ಕುಳಿ. ದಿಟ್ಟಿಸಿ ನೋಡುವುದೆಂದರೆ ನೋಡುವ ವಸ್ತುವಿನ ಬಿಂಬವನ್ನು ಆ ಕುಳಿಯಲ್ಲಿ ಬೀಳಿಸಿಕೊಳ್ಳುವುದು ಎಂದರ್ಥ. ಅಲ್ಲಿ ಬೆಳಕನ್ನು ಗುರುತಿಸುವ ಶಂಕುಕೋಶಗಳು ಒತ್ತೊತ್ತಾಗಿ ನಿಂತಿವೆ. ಒಂದು ಕೋಶ ಒಂದು ಹೊತ್ತಿಗೆ ಮಿದುಳಿಗೆ ಒಂದೇ ಸುದ್ದಿ ಕಳಿಸಬಲ್ಲದು. ಎರಡು ಚುಕ್ಕೆಗಳ ಬೆಳಕು ಒಂದೇ ಕೋಶದ ಮೇಲೆ ಬಿತ್ತೆನ್ನಿ, ಅದು ಎರಡನ್ನೂ ಕಲೆಸಿ ಒಂದೇ ಚುಕ್ಕೆ ಎಂದು ವರದಿ ಮಾಡಿ ಕೈ ತೊಳೆದುಕೊಳ್ಳುತ್ತದೆ. ಇದರ ಜೊತೆಗೆ ಪಾಪೆಯ ಕಿಂಡಿಯೂ ಚಿಕ್ಕದು. ಅದರೊಳಗೆ ನುಸುಳುವಾಗ ಬೆಳಕು ಕೊಂಚ ಚೆದುರಿ ಬಿಂಬದ ಅಂಚು ಮಸುಕಾಗುತ್ತದೆ. ಒಟ್ಟಾರೆ ಒಂದು ಗೇಣು ದೂರದಲ್ಲಿ ಕೂದಲೆಳೆಯ ದಪ್ಪಕ್ಕಿಂತ ಸಣ್ಣದನ್ನು, ಎಂಟಡಿ ದೂರದಲ್ಲಿ ಹತ್ತು ಕೂದಲ ದಪ್ಪಕ್ಕಿಂತ ಸಣ್ಣದನ್ನು ಕಣ್ಣು ಬಿಡಿಸಿ ನೋಡಲಾರದು.

ಇಂಚರಾ ಅಕ್ಕಸಾಲಿಗರ ಮನೆಯ ಮಗಳು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ ಅಪ್ಪ ಒಂದು ಹರಳನ್ನಷ್ಟೇ ಕಂಡು, ಪಕ್ಕದಲ್ಲಿಟ್ಟ ಚಹಾ ಕಾಣದೆ ಚೆಲ್ಲುವುದನ್ನು ನೋಡಿ ಬೆಳೆದವರು. ಹಾಗಾಗಿ ದೊಡ್ಡದು ಮಾಡದೆಯೇ ಸೂಕ್ಷ್ಮವನ್ನು ತೋರಿಸುವ ದಾರಿ ಹುಡುಕಿದರು. ಅವರ ಕನ್ನಡಕದ ಅಗಲ ಗಾಜು ಪಾಪೆಗೆ ದಕ್ಕದ ವಿವರವನ್ನು ಬಾಚಿಕೊಳ್ಳುತ್ತಿತ್ತು. ಆಮೇಲೆ ಚಿತ್ರವನ್ನು ಒಂದು ಕೋಶದ ಕಾಲು ಭಾಗದಷ್ಟು ಅತ್ತಿತ್ತ ಸರಿಸುತ್ತ, ಕಣ್ಣು ಮಿಟುಕಿಸುವುದರೊಳಗೆ ಹದಿನಾರು ಪಾಳಿಗಳಲ್ಲಿ ಅದೇ ಕೋಶಗಳಿಗೆ ಬಡಿಸುತ್ತಿತ್ತು. ಹದಿನಾರೂ ತುತ್ತನ್ನು ಜೋಡಿಸಿ ಒಂದು ಚಿತ್ರ ಮಾಡಿಕೊಳ್ಳಲು ಮಿದುಳು ಹತ್ತು ದಿನದಲ್ಲಿ ಕಲಿಯುತ್ತಿತ್ತು. ಕಲಿತ ಮೇಲೆ ಕಣ್ಣು ನಾಲ್ಕು ಪಟ್ಟು ಚುರುಕು. ಪ್ರಯೋಗಾಲಯದವರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದರು. ಜನ ಅದನ್ನು ಎಳೆಗನ್ನಡಕ ಎಂದು ಕರೆದರು.

ಪೇಟೆಗೆ ಬಂದ ಆರೇ ತಿಂಗಳಲ್ಲಿ ಎಳೆಗನ್ನಡಕ ಊರಿನ ರೀತಿಯನ್ನೇ ಬದಲಿಸಿತು. ಚರ್ಮದ ವೈದ್ಯರು ರೋಗವನ್ನು ಅದು ಹುಟ್ಟುವ ಮುಂಚೆಯೇ ಹಿಡಿದರು. ರಫೂ ಮಾಡುವವರು ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲವೆಂಬಂತೆ ಕೂಡಿಸಿದರು. ತೊಂದರೆಯೂ ಇಲ್ಲದಿಲ್ಲ. ಸೊಪ್ಪು ಕೊಳ್ಳಲು ಬಂದವರು ಎಲೆಯ ಮೇಲಿನ ಹುಳದ ಕಾಲು ಎಣಿಸತೊಡಗಿದ್ದರಿಂದ, "ಕನ್ನಡಕ ತಗದು ಮಾತಾಡ್ರಿ" ಎಂದು ಸಂತೆಯಲ್ಲಿ ಫಲಕಗಳು ಎದ್ದವು. ಹೆಣ್ಣು ನೋಡಲು ಹೋದವರು ಅದನ್ನು ಚಪ್ಪಲಿಯ ಜೊತೆ ಹೊರಗೇ ಬಿಡಬೇಕೆಂಬ ರೂಢಿ ಬೆಳೆಯಿತು. ಗಂಡನ್ನು ನೋಡುವಾಗಲೂ ಇದೇ ರೂಢಿ ಎಂದು ಹಿರಿಯರು ತೀರ್ಮಾನಿಸಿದ ಮೇಲೆ ಗಂಡುಗಳೂ ನೆಮ್ಮದಿಯಾಗಿ ಉಸಿರಾಡಿದರು.

ಪಲ್ಲವಕ್ಕನಿಗೆ ಇದಾವುದರ ಗೊಡವೆಯೂ ಇರಲಿಲ್ಲ. ಬೆಳಿಗ್ಗೆ ಕನ್ನಡಕ ಏರಿಸಿ ಕೂತರೆ ಕೈ ಸೋಲುವವರೆಗೆ ಸೂಜಿ. ಮಾಮೂಲಿ ಕಸೂತಿಯ ಗೋಪುರ ಅಂಗೈಯಷ್ಟು ಇರುತ್ತದೆ. ಇವರದು ಸಾಸಿವೆ ಕಾಳಿನಷ್ಟು. ಅಷ್ಟರಲ್ಲೇ ಕಳಸ, ಬಾಗಿಲು, ಬಾಗಿಲ ಎರಡೂ ಕಡೆ ದೀಪದ ಕಂಬ. ಅಷ್ಟರಲ್ಲೇ ಕೆಂಪು, ಹಸಿರು, ಕೇಸರಿ, ಬಿಳಿ ನಾಲ್ಕೂ ಬಣ್ಣ. ದಿನಕ್ಕೆ ನೂರರಂತೆ ಸೆರಗಿನ ತುಂಬ ಸಾಲಾಗಿ ಗೋಪುರಗಳು ಏಳತೊಡಗಿದವು.

ಕೆಲಸ ಮುಗಿಯುವವರೆಗೆ ಸೆರಗನ್ನು ಯಾರಿಗೂ ಬಿಚ್ಚಿ ತೋರಿಸುವಂತಿಲ್ಲ, ಕಣ್ಣು ತಾಗುತ್ತದೆ ಎಂಬುದು ಅವರ ಮನೆತನದ ಕಟ್ಟಳೆ. ಹೊಲಿಯುವ ಗೇಣುದ್ದವನ್ನು ಬಿಟ್ಟು ಉಳಿದದ್ದನ್ನೆಲ್ಲ ಸುರುಳಿ ಸುತ್ತಿಡಬೇಕು. ಹೊಲಿದವರು ಕೂಡ ಪೂರ್ತಿ ನೋಡುವಂತಿಲ್ಲ. ಪಲ್ಲವಕ್ಕ ಸುರುಳಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿದ ಮೇಲೆಯೇ ಕನ್ನಡಕ ತೆಗೆಯುತ್ತಿದ್ದರು. ಹೀಗೆ ಹನ್ನೊಂದು ತಿಂಗಳು ನಡೆಯಿತು. ಗೋಪುರಗಳು ಮೂವತ್ತು ಸಾವಿರ ದಾಟಿದವು.

ಮದುವೆಗೆ ಆರು ದಿನ ಇರುವಾಗ ಬೀಗರು ಗದಗಿನಿಂದ ಜವಳಿ ನೋಡಲು ಬಂದರು. ನಡುಮನೆಯಲ್ಲಿ ಜಮಖಾನೆ ಹಾಸಿ ಎಲ್ಲರೂ ಕೂತರು. ಮನೆಗೆ ಬೀಗರು ಬಂದಾಗ ಅವರ ಮುಖವನ್ನು ಸೂಕ್ಷ್ಮವಾಗಿ ನೋಡುವುದು ಮರ್ಯಾದೆಯಲ್ಲವೆಂದು ಪಲ್ಲವಕ್ಕನೂ ಕನ್ನಡಕ ತೆಗೆದಿಟ್ಟಿದ್ದರು. ನಿಂಗವ್ವ ಸುರುಳಿಯನ್ನು ತಂದು ಗೋಡೆಯ ಮೊಳೆಗೆ ಸಿಕ್ಕಿಸಿ ಬಿಚ್ಚಿದಳು.

ಕಪ್ಪು ಸೀರೆಯ ಸೆರಗು ಮಣ್ಣಿನ ಬಣ್ಣಕ್ಕಿತ್ತು. ಗೋಪುರ ಎಲ್ಲೂ ಇರಲಿಲ್ಲ. ಕೆಂಪಿಲ್ಲ, ಹಸಿರಿಲ್ಲ. ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ ಒಂದೇ ಸಮನೆ ಮಂಕಾಗಿತ್ತು.

ವರನ ಸೋದರತ್ತೆ ಐಶ್ವರ್ಯಾಬಾಯಿ ಒಳ್ಳೆಯ ಹೆಂಗಸು. ಸಹಾಯವಾಗಲೆಂದೇ ಎದ್ದು ಬಂದು, "ಪಾಪ, ಪೆಟಗ್ಯಾಗಿಟ್ಟಿದ್ದಕ್ಕ ಧೂಳ ಹಿಡದೈತಿ ನೋಡ್ರಿ" ಎಂದು ಸೆರಗನ್ನು ಎರಡು ಸಲ ಜೋರಾಗಿ ಕೊಡವಿದರು. ಧೂಳು ಬೀಳಲಿಲ್ಲ. ಅವರು ಮತ್ತೊಮ್ಮೆ ಕೊಡವಿದರು.

ನಿಂಗವ್ವ ಅಜ್ಜಿಯ ಮುಖ ನೋಡಿ ಅವರ ಕೈ ಹಿಡಿದುಕೊಂಡಳು. "ಆಯಿ, ನಾ ಇದನ್ನ ಉಡತೇನಿ. ಯಾರು ಏನರೆ ಅನ್ನಲಿ."

"ಏನ್ ಉಡತೀ? ಧೂಳ ಉಡತೀಯೇನು?" ಎಂದ ಪಲ್ಲವಕ್ಕನ ದನಿ ಒಡೆಯಿತು. ಐವತ್ತು ವರ್ಷದಲ್ಲಿ ಅವರ ಕೆಲಸವನ್ನು ಯಾರೂ ಕೊಡವಿರಲಿಲ್ಲ.

ಅರ್ಧ ಗಂಟೆಯಲ್ಲಿ ಅವರು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಪ್ರಯೋಗಾಲಯದಲ್ಲಿದ್ದರು. ಹಿಂದೆಯೇ ಓಡಿ ಬಂದ ನಿಂಗವ್ವ ಏದುಸಿರು ಬಿಡುತ್ತಿದ್ದಳು.

"ಬಾಯಾರ, ನಿಮ್ಮ ಕನ್ನಡಕ ನನ್ನ ಸೀರಿ ತಿಂತು."

ಇಂಚರಾ ಸೆರಗನ್ನು ಹರಡಿ ಮೊದಲು ಕನ್ನಡಕ ಹಾಕಿ ನೋಡಿದರು. ಕಳಸ, ಬಾಗಿಲು, ದೀಪದ ಕಂಬ ಎಲ್ಲವೂ ಇದ್ದವು. ಆಮೇಲೆ ಕನ್ನಡಕ ತೆಗೆದು ಎಂಟಡಿ ಹಿಂದೆ ಸರಿದು ನೋಡಿದರು. ಬರೀ ಮಣ್ಣಿನ ಬಣ್ಣ. ಸೂಕ್ಷ್ಮ ಕಾಣುವ ಕನ್ನಡಕ ಕೊಟ್ಟವರು, ಬರಿಗಣ್ಣಿನವರಿಗೆ ಅದು ಕಾಣದು ಎಂಬುದನ್ನು ಹೇಳಬೇಕಿತ್ತು. ಅದು ಹೇಳದೆಯೂ ತಿಳಿಯುವ ಸಂಗತಿ ಎಂದುಕೊಂಡಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

"ತಪ್ಪು ನಂದೂ ಐತ್ರಿ ಅಜ್ಜಿ" ಎಂದರು. "ದೂರದಿಂದ ನೋಡಿದ್ರ ನಿಮ್ಮ ಇಡೀ ಗೋಪುರ ಎರಡು ಮೂರು ಕೋಶದ ಮ್ಯಾಲೆ ಬೀಳತೈತಿ. ಕೆಂಪು, ಹಸರು, ಕೇಸರಿ, ಬಿಳಿ ಎಲ್ಲಾ ಕೂಡಿ ಹೋಗತಾವ. ಕೂಡಿದ್ರ ಮಣ್ಣಿನ ಬಣ್ಣನ. ಬೇಕಾದ್ರ ಹಿಂಗ ಮಾಡೋಣು. ಮದವಿಗೆ ಬಂದವರಿಗೆಲ್ಲಾ ನಾ ಕನ್ನಡಕ ಕೊಡಿಸ್ತೇನಿ, ಮುನ್ನೂರು ಜೋಡಿ."

"ಬ್ಯಾಡ. ಅವರು ನೂಲು ನೋಡ್ಯಾರು. ನನ್ನ ಹುಡಿಗೀನ್ನ ಯಾರು ನೋಡಬೇಕು?"

"ಅಲ್ಲದ ಹತ್ತು ದಿನ ಕಲೀಬೇಕಾಗತೈತಿ" ಎಂದು ನಿಂಗವ್ವ ನೆನಪಿಸಿದಳು. ಆ ಮಾತು ಇಂಚರಾಗೂ ಮರೆತುಹೋಗಿತ್ತು.

ಸುಮ್ಮನೆ ಕೂರಲಾರದೆ ಇಂಚರಾ ಸೆರಗಿನ ಚಿತ್ರ ತೆಗೆದು ಗಣಕದ ತೆರೆಯ ಮೇಲೆ ಹಾಕಿದರು. ಯಾವ ಬಣ್ಣ ಎಷ್ಟು ಕಲೆಯುತ್ತಿದೆ ಎಂದು ತೋರಿಸಲು ಒಂದು ಗುಂಡಿ ಒತ್ತಿ ಹಸಿರನ್ನು ಅಳಿಸಿದರು. ತೆರೆಯ ಮೇಲಿನ ಮಂಕು ಸೆರಗು ಒಮ್ಮೆಲೇ ಕೆಂಡದ ಬಣ್ಣಕ್ಕೆ ತಿರುಗಿತು.

"ತಡೀರಿ" ಎಂದರು ಪಲ್ಲವಕ್ಕ. "ಈಗೇನ ಮಾಡಿದ್ರಿ?"

"ಹಸರು ತಗದೆ, ಅಷ್ಟ."

"ಕೆಂಪು, ಕೇಸರಿ ತಗದು ಹಸರು ಬಿಡ್ರಿ ನೋಡೋಣು."

ಸೆರಗು ಎಳೆಯ ಗರಿಕೆಯಂತಾಯಿತು. ಎಲ್ಲ ತೆಗೆದಾಗ ಕಪ್ಪಾಯಿತು. ಪಲ್ಲವಕ್ಕ ಕುರ್ಚಿಯನ್ನು ಹಿಂದೆ ಹಿಂದೆ ಸರಿಸಿಕೊಂಡು ಗೋಡೆಗೆ ತಾಗಿಸಿ ಕೂತರು. ಅವರ ಮುಖಕ್ಕೆ ಕಳೆ ಬರುತ್ತಿತ್ತು.

"ಇದು ನನಗ ಮಾಡಾಕ ಬರತೈತಿ ಬಾಯಾರ. ಕಸೂತಿಯಾಗ ಗಂಟಿಲ್ಲ. ಎಲ್ಲಿ ಬೇಕೋ ಅಲ್ಲಿ ಕತ್ತರಿಸಿ ಎಳದ್ರ ಒಂದು ಬಣ್ಣ ಸರ್ರನ ಬರತೈತಿ, ಉಳಿದದ್ದು ಅಲ್ಲೇ ಇರತೈತಿ. ಹಾಕಾಕ ಹನ್ನೊಂದು ತಿಂಗಳ ಬೇಕು. ತಗ್ಯಾಕ ಐದು ದಿನ ಸಾಕು."

"ಆದ್ರ ಅಜ್ಜಿ, ಅಷ್ಟು ಗೋಪುರ..." ಎಂದು ಇಂಚರಾ ತಡೆದರು. ಕನ್ನಡಕದಲ್ಲಿ ಕಂಡದ್ದು ಇನ್ನೂ ಅವರ ಕಣ್ಣ ಮುಂದಿತ್ತು.

"ಅರ್ಧ ಹೋಗತಾವ" ಎಂದರು ಪಲ್ಲವಕ್ಕ. ಸ್ವಲ್ಪ ಹೊತ್ತು ಸೆರಗನ್ನು ಸವರುತ್ತ ಕೂತು, ಆಮೇಲೆ ಎದ್ದರು.

ಮರುದಿನ ಹೂಗಾರರ ನಡುಮನೆ ಕಾರ್ಯಾಗಾರವಾಯಿತು. ಓಣಿಯಲ್ಲಿ ಎಳೆಗನ್ನಡಕ ರೂಢಿಯಾಗಿದ್ದ ನಾಲ್ಕು ಹೆಂಗಸರು ಬಂದರು. ನಿಂಗವ್ವ ಐದನೆಯವಳು. ಮದುಮಗಳು ಕೆಲಸ ಮಾಡಬಾರದೆಂದು ಯಾರೋ ಅಂದದ್ದಕ್ಕೆ, "ಇದು ಕೆಲಸ ಅಲ್ಲ, ಕೆಲಸ ಬಿಚ್ಚೂದು" ಎಂದು ಹೇಳಿ ಅವರ ಬಾಯಿ ಮುಚ್ಚಿಸಿದಳು. ಸೆರಗನ್ನು ಚೌಕಟ್ಟಿಗೆ ಬಿಗಿದು ನಿಲ್ಲಿಸಿ ಐವರೂ ಅದು ಮರೆಯಾಗದಂತೆ ಎರಡೂ ಬದಿಗೆ ಓರೆಯಾಗಿ ಕೂತರು. ಎಂಟಡಿ ಹಿಂದೆ ಬರಿಗಣ್ಣಲ್ಲಿ ಪಲ್ಲವಕ್ಕ, ಕೈಯಲ್ಲೊಂದು ಉದ್ದನೆಯ ಕೋಲು. ನಡುಗುವ ಬೆರಳಿಗೆ ಈ ಕೆಲಸದಲ್ಲಿ ತೊಂದರೆಯೇ ಇರಲಿಲ್ಲ.

"ನಿಂಗಿ, ಆ ಮೂಲ್ಯಾಗ ಹಸರು ತಗಿ. ಇನ್ನೂ ಕೆಳಗ. ಸಾಕು ಸಾಕು, ನವಿಲಿನ ಕುತ್ತಿಗಿ ಮುರೀತಿ ಈಗ!"

"ಇಲ್ಲಿ ನವಿಲ ಎಲ್ಲೈತಿ ಆಯಿ? ನನಗ ಬರೇ ದಾರ ಕಾಣತಾವ."

"ನಿನಗ ಕಾಣೂದಿಲ್ಲ. ಹೇಳಿದಷ್ಟು ಮಾಡು."

ಅವರಿಗೂ ಅದು ಸುಲಭವಿರಲಿಲ್ಲ. ಐವತ್ತು ವರ್ಷ ಎಳೆ ಎಣಿಸಿದವರಿಗೆ ಎಣಿಸದೆ ನೋಡುವುದು ಹೊಸ ವಿದ್ಯೆ. ಮೊದಲ ದಿನ ಒಂದು ನವಿಲು ಕೋಳಿಯಾಯಿತು. ಎರಡನೆಯ ದಿನ ಅದೇ ಕೋಳಿಯನ್ನು ತುಳಸಿಕಟ್ಟೆ ಮಾಡಿ ಮರ್ಯಾದೆ ಉಳಿಸಿಕೊಂಡರು. ನೆಲದ ಮೇಲೆ ನೂಲಿನ ರಾಶಿ ಬೀಳುತ್ತ ಹೋಯಿತು. ಮೂರನೆಯ ದಿನ ಇಂಚರಾ ರಜೆ ಹಾಕಿ ಬಂದು ಚಹಾ ಮಾಡುವ ಕೆಲಸಕ್ಕೆ ನಿಂತರು. ಐದನೆಯ ದಿನ ಇಳಿಹೊತ್ತಿಗೆ ಪಲ್ಲವಕ್ಕ ಕೋಲು ಕೆಳಗಿಟ್ಟು, "ಎಲ್ಲಾರೂ ಕನ್ನಡಕ ತಗೀರಿ. ಇಲ್ಲಿ ಬಂದು ನಿಲ್ರಿ" ಎಂದರು.

ಐವರೂ ಎದ್ದು ಹಿಂದೆ ಬಂದು ತಿರುಗಿ ನೋಡಿದರು. ಮಣ್ಣಿನ ಬಣ್ಣದ ಬಯಲಿನಲ್ಲಿ ಕೆಂಡದ ಬಣ್ಣದ ಗೋಪುರವೊಂದು ಸೆರಗಿನ ಉದ್ದಕ್ಕೂ ಎದ್ದು ನಿಂತಿತ್ತು. ಎಡಬಲಕ್ಕೆ ಹಸಿರು ನವಿಲು, ಬಾಗಿಲಲ್ಲಿ ಅಪ್ಪಟ ಕಪ್ಪು. ಐದು ದಿನ ಅದನ್ನೇ ಮುಟ್ಟುತ್ತಿದ್ದವರಿಗೆ ಅದು ಆಗಲೇ ಮೊದಲ ಸಲ ಕಂಡಿತು. ನಿಂಗವ್ವ ಅಳುತ್ತಲೇ ನಕ್ಕಳು.

ಮದುವೆಯ ದಿನ ಆ ಸೆರಗು ಮಂಟಪದ ಕೊನೆಯ ಸಾಲಿನವರಿಗೂ ಕಂಡಿತು. ಐಶ್ವರ್ಯಾಬಾಯಿ ಬಂದು, "ಹೊಸಾ ಸೀರಿ ತಂದ್ರೇನು? ಚಲೋ ಆತು ಬಿಡ್ರಿ. ಯಾವ ಅಂಗಡಿ?" ಎಂದು ಕೇಳಿದರು. ಪಲ್ಲವಕ್ಕ ಉತ್ತರ ಕೊಡದೆ ತಮ್ಮ ಎಳೆಗನ್ನಡಕವನ್ನು ಅವರ ಕೈಗಿತ್ತರು. ಗದಗಿನಲ್ಲಿ ಆ ಕನ್ನಡಕ ರೂಢಿ ಮಾಡಿಕೊಂಡಿದ್ದ ಆಕೆ ಅದನ್ನು ಏರಿಸಿ ಸೆರಗಿಗೆ ಬಗ್ಗಿದರು. ಕೆಂಡದ ಬಣ್ಣದ ಗೋಪುರದ ಒಳಗೆಲ್ಲ ಸಾಸಿವೆಯಷ್ಟು ಗೋಪುರಗಳು, ಒಂದೊಂದಕ್ಕೂ ಕಳಸ, ಒಂದೊಂದಕ್ಕೂ ಬಾಗಿಲು. ಅವರು ಊಟದ ಪಂಕ್ತಿಗೆ ಕೂಗು ಬರುವವರೆಗೆ ಬಗ್ಗಿಯೇ ಇದ್ದರು.

ಆಮೇಲೆ ಎಳೆಗನ್ನಡಕದ ಜೊತೆ ಕೊಡುವ ಚೀಟಿಯಲ್ಲಿ ಇಂಚರಾ ಒಂದು ಸಾಲು ಸೇರಿಸಿದರು: ಗಂಟೆಗೊಮ್ಮೆ ಕನ್ನಡಕ ತೆಗೆದು, ಎಂಟಡಿ ಹಿಂದೆ ಸರಿದು, ನಿಮ್ಮ ಕೆಲಸವನ್ನು ನೋಡಿ. ಅವರ ಕನ್ನಡಕದ ಹೊಸ ಮಾದರಿಯೂ ಅಷ್ಟರಲ್ಲಿ ಸಿದ್ಧವಾಗಿತ್ತು. ಅರವತ್ತನಾಲ್ಕು ಪಾಳಿಯದು. ಅದನ್ನು ಪರೀಕ್ಷಿಸಲು ಅವರು ಪಲ್ಲವಕ್ಕನನ್ನೇ ಕರೆದರು.

ಪಲ್ಲವಕ್ಕ ಬಂದರು, ಹೋಳಿಗೆಯ ಡಬ್ಬಿ ಕೊಟ್ಟರು, ಕನ್ನಡಕವನ್ನು ಮಾತ್ರ ಮುಟ್ಟಲಿಲ್ಲ.

"ಸಿಟ್ಟೇನ್ರಿ ಅಜ್ಜಿ?"

"ಸಿಟ್ಟಲ್ಲ. ಚಲೋ ಸಾಮಾನ ಐತಿ, ಸಣ್ಣ ಹುಡಿಗ್ಯಾರಿಗೆ ಕೊಡ್ರಿ. ನನಗ ಒಂದು ಮಾತು ತಲ್ಯಾಗ ಹೊಕ್ಕೈತಿ." ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡರು. "ನನಗ ಇಪ್ಪತ್ತೈದು ಇದ್ದಾಗಿನ ಮಾತು, 2022ನೇ ಇಸ್ವಿ. ಆಗ ನಿಮ್ಮ ಕನ್ನಡಕ ಎಲ್ಲಿತ್ತು? ಆದ್ರೂ ನಾವೆಲ್ಲಾ ಒಂದು ಗೇಣಿನೊಳಗ ಬದುಕಿದ್ವಿ. ಕೈಯಾಗ ಫೋನು, ಅದರಾಗ ಕಣ್ಣು. ಊರವರ ಸೀರಿ, ಊರವರ ಅಡಗಿ, ಬೆರಳಿಲೆ ದೊಡ್ಡದು ಮಾಡಿ ಮಾಡಿ ನೋಡೂದು. ನಮ್ಮವ್ವ ಎದರಿಗೆ ಕುಂತು ಸೊಪ್ಪು ಸೋಸಾಕಿ. ಏನರೆ ಮಾತಾಡಾಕಿ. ನಾ ಹೂಂ ಅನ್ನಾಕಿ. ಫೋನಿನಾಗ ನೋಡಿದ ಒಬ್ಬಾಕಿ ಕುಪ್ಪಸದ ಕಸೂತಿ ಇವತ್ತಿಗೂ ಎಳಿ ಎಳಿ ನೆನಪೈತಿ. ನಮ್ಮವ್ವನ ಮಾರಿ ನೆನಸಾಕ ಹೋದ್ರ ಗ್ವಾಡಿ ಮ್ಯಾಲಿನ ಫೋಟೋನ ಬರತೈತಿ."

ಇಂಚರಾ ಕೈಯಲ್ಲಿದ್ದ ಹೊಸ ಕನ್ನಡಕವನ್ನು ಮೇಜಿನ ಮೇಲಿಟ್ಟರು.

"ಮೊನ್ನೆ ಐದು ದಿನ ಎಂಟಡಿ ದೂರ ಕುಂತೆ ನೋಡ್ರಿ. ಸೆರಗು ನೋಡಿದ್ದು ಅರ್ಧಾ, ನಿಂಗಿ ಮಾರಿ ನೋಡಿದ್ದು ಅರ್ಧಾ. ಅಕಿ ದಾರದಾಗ ಮುಳಿಗಿ ತಲೀನ ಎತ್ತಲಿಲ್ಲ. ನಾ ಏನ ಕೇಳಿದ್ರೂ ಹೂಂ ಅಂದ್ಲು." ಪಲ್ಲವಕ್ಕ ನಕ್ಕರು, ಕಣ್ಣು ತುಂಬಿತ್ತು. "ಆಗ ತಿಳೀತು, ನಮ್ಮವ್ವ ಎಲ್ಲಿ ಕುಂತಿದ್ಲು ಅಂತ."